ಅಳಿಸಿದ ಕೆಂಪು

ಕಲೆಯನ್ನು ಉಜ್ಜಬಾರದು, ಹತ್ತಿಯಿಂದ ಒತ್ತಿ ತೆಗೆಯಬೇಕು. ಉಜ್ಜಿದರೆ ಹರಡುತ್ತದೆ. ಜಯಂತಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಕಾರ್ಪೆಟ್ಟಿನ ಮೇಲೆ ಮೊಣಕಾಲೂರಿ ಕೂತು, ರಿಮೂವರ್‌ನಲ್ಲಿ ಅದ್ದಿದ ಹತ್ತಿಯನ್ನು ಗಂಡನ ಕುತ್ತಿಗೆ ಹಿಚುಕಿದಂತೆ ಹಿಚುಕಿ ಉಜ್ಜುತ್ತಿದ್ದಳು. ಕಿಟಕಿಯ ಬುಡದಲ್ಲೇ, ಅಂಗೈಯಗಲ, ನೇಲ್ ಪಾಲಿಶ್ಶಿನ ಕೆಂಪು ಕಲೆ.

ಆ ಮನೆಯಲ್ಲಿ ಉಗುರಿಗೆ ಬಣ್ಣ ಹಚ್ಚುವವರೇ ಇಲ್ಲ. ಹೋಟೆಲಿನವರ ಮನೆ ಹೆಂಗಸು ಹಿಟ್ಟಿಗೆ ಹಾಕುವ ಕೈಗೆ ಬಣ್ಣ ಸೋಕಿಸಬಾರದೆಂದು ಮದುವೆಯಾದ ವರ್ಷವೇ ಅತ್ತೆ ಹೇಳಿದ್ದರು. ಉಡುಪಿಯಿಂದ ಸೂರತ್ತಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಜಯಂತಿ ಆ ಮಾತು ಮೀರಿರಲಿಲ್ಲ.

ಅಕ್ಕ ಶಾರದಾಳ ಗೃಹಪ್ರವೇಶಕ್ಕೆಂದು ವಡೋದರಾಕ್ಕೆ ಹೋಗಿ ಮೂರು ದಿನ ಇದ್ದು ಬಂದಿದ್ದಳು, ಅಷ್ಟೇ. ಬಂದು ನೋಡಿದರೆ ಈ ಕಲೆ. ಗಂಡ ಮಾಧವ ಅದರ ಮೇಲೇ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದ.

"ಇದೆಂತ ಕಲೆ?"

"ಎಲ್ಲಿ?"

"ನಿಮ್ಮ ಕಾಲ ಬುಡದಲ್ಲೇ ಉಂಟಲ್ಲ!"

"ಓ, ಅದಾ? ಸಾಂಬಾರು ಚೆಲ್ಲಿರ್ಬೇಕು ಮಾರಾಯ್ತಿ."

ಜೀವಮಾನವಿಡೀ ಸಾಂಬಾರು ಕುದಿಸಿದವನು ಇದನ್ನು ಸಾಂಬಾರು ಅನ್ನುತ್ತಾನೆ! ಕಣ್ಣಿಗೆ ಮಣ್ಣೆರಚುವುದಕ್ಕೂ ಒಂದು ಮಿತಿ ಬೇಡವೇ?

ಒಂದು ಕಲೆ ಸಿಕ್ಕಿದ ಮೇಲೆ ಉಳಿದವೂ ನೆನಪಾದವು. ಹೋದ ತಿಂಗಳು ಬಿಳಿ ಅಂಗಿಯ ತೋಳಿನಲ್ಲಿ ಇದೇ ಕೆಂಪು. ಒಳಗಡೆ ರಟ್ಟಿಟ್ಟು, ಹೊರಗಿನಿಂದ ಹತ್ತಿ ಒತ್ತಿ ಒತ್ತಿ ತೆಗೆದವಳು ಅವಳೇ. ಆ ಅಂಗಿಯನ್ನು ಅವನು ಬಾಗಿಲ ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ನೇತುಹಾಕಿದ್ದ. ಕದ್ದು ಮಾಡುವವರಿಗೆ ಅಂಜಿಕೆಯಾದರೂ ಇರುತ್ತದೆ. ಇವನಿಗೆ ಅದೂ ಇಲ್ಲ!

ಸ್ಕೂಟರ್ ಕೆಳಗೆ ಧೂಳು ತಿನ್ನುತ್ತಿತ್ತು, ಕೇಳಿದರೆ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದಂತೆ. ಮನೆಯಲ್ಲೇ ಗಡ್ಡ ಮಾಡಿಕೊಳ್ಳುತ್ತಿದ್ದವನು ಈಗ ದಿನಾ ಸಲೂನಿಗೆ. ಐವತ್ತರ ಹತ್ತಿರ ಈ ಸೊಗಸು ಯಾರಿಗಾಗಿ? ಗೃಹಪ್ರವೇಶಕ್ಕೆ ಹೊರಟಾಗ ಹೊಸ ನೀಲಿ ಸೀರೆಯುಟ್ಟು ಎದುರು ನಿಂತರೆ, "ಈ ಹಸಿರು ನಿಂಗೆ ಒಪ್ಪುತ್ತದೆ" ಎಂದಿದ್ದ. ಅವನ ತಲೆಯಲ್ಲಿ ಯಾರ ಹಸಿರು ಸೀರೆಯಿತ್ತೋ!

ರಿಮೂವರ್ ಕೊಂಡದ್ದು ಕೆಳಗಿನ ಬ್ಯೂಟಿ ಪಾರ್ಲರಿನಲ್ಲಿ. ಅದನ್ನು ನಡೆಸುವ ಹೇತಲ್‌ಬೆನ್ ತನ್ನ ಗುಜರಾತಿ ಬೆರೆತ ಹಿಂದಿಯಲ್ಲಿ ಕೇಳದೆಯೇ ಹೇಳಿದ್ದಳು: "ಪಾಲಿಶ್ ಮಾಧವಭಾಯ್ ಇಲ್ಲಿಂದಲೇ ಒಯ್ದರು ಭಾಭಿ. ಬಣ್ಣ ಯಾವುದಾದರೂ ಅಡ್ಡಿಯಿಲ್ಲ, ದಪ್ಪಗೆ ಕೂರುವಂಥದ್ದು ಬೇಕು ಅಂದರು. ನಿಮಗೆ ಕೊಡಲಿಲ್ಲವಾ?"

"ಕೊಟ್ಟಿದ್ದಾರೆ" ಎಂದಳು ಜಯಂತಿ. ಹೇತಲ್‌ಬೆನ್ನಳ ನಗು ಅವಳ ಮೈ ಉರಿಸಿತು. ಯಾವ ಬಣ್ಣ ಕೊಟ್ಟರೂ ಕುಣಿಯುವ ಆ ಮಿಟುಕಲಾಡಿ ಯಾರು?

ಕಾರ್ಪೆಟ್ಟಿನ ಕಲೆ ಹೋಯಿತು, ಹೊಟ್ಟೆಯುರಿ ಹೋಗಲಿಲ್ಲ. ಅವಳು ಬ್ಯಾಗಿಗೆ ನಾಲ್ಕು ಸೀರೆ ತುಂಬಿದಳು. ರಿಮೂವರ್ ಬಾಟಲಿಯನ್ನೂ ಹಾಕಿಕೊಂಡಳು. ಇವತ್ತು ಒಂದೋ ಅವಳು, ಇಲ್ಲವೇ ನಾನು.

ಅಡಾಜಣ್ ಬಡಾವಣೆಯಲ್ಲಿರುವ ಅವರ ಹೋಟೆಲು ಮಧ್ಯಾಹ್ನ ಮೂರರಿಂದ ಐದರವರೆಗೆ ಮುಚ್ಚಿರುತ್ತದೆ. ಎರಡು ತಿಂಗಳಿಂದ ಆ ಹೊತ್ತಿನಲ್ಲಿ ಮಾಧವ ಎಲ್ಲರನ್ನೂ ಹೊರಗೆ ಕಳಿಸಿ ಅಡುಗೆಮನೆಯಲ್ಲಿ ಒಬ್ಬನೇ ಇರುತ್ತಿದ್ದ. ಅವನ ಮಸಾಲೆ ಡಬ್ಬಿಗಳನ್ನು ಯಾರೂ ಮುಟ್ಟಕೂಡದೆಂದು ಹೊಸ ಕಟ್ಟಪ್ಪಣೆ ಬೇರೆ. ಹದಿನೈದು ವರ್ಷದಿಂದ ಹಿಟ್ಟು ರುಬ್ಬುವ ಕೇಶವನೂ ಮುಟ್ಟುವಂತಿರಲಿಲ್ಲ.

ಜಯಂತಿ ಹೋದಾಗ ಅವನು ಸಲೂನಿನಿಂದ ಇನ್ನೂ ಬಂದಿರಲಿಲ್ಲ. ತನ್ನ ಕೀಲಿಯಿಂದ ಬಾಗಿಲು ತೆಗೆದು ಅಡುಗೆಮನೆಗೆ ಹೋದಳು.

ಕಟ್ಟೆಯ ಮೇಲೆ ಒಂದೇ ಅಳತೆಯ ಹನ್ನೆರಡು ಸ್ಟೀಲ್ ಡಬ್ಬಿಗಳು. ಮುಚ್ಚಳಗಳ ಅಂಚಿನಲ್ಲಿ ಅದೇ ಕೆಂಪು. ಒಂದರ ಮೇಲೆ ಒಂದು ಹನಿ, ಮತ್ತೊಂದರ ಮೇಲೆ ಮೂರು. ಒಲೆಯ ತಿರುಪಿನ ಮೇಲೂ ಒಂದು. ಸ್ನಾನ ಮಾಡದೆ ತಾನೇ ಕಾಲಿಡದ ಅಡುಗೆಮನೆ, ದೇವರ ಪಟದ ಎದುರು! ಇಲ್ಲಿ ಕೂತು ಅವಳು ಉಗುರಿಗೆ ಬಣ್ಣ ಬಳಿದುಕೊಂಡಿದ್ದಾಳೆ, ಇವನು ನೋಡುತ್ತಾ ನಿಂತಿದ್ದಾನೆ.

ಜಯಂತಿ ಹತ್ತಿ ತೆಗೆದಳು. ಸ್ಟೀಲು ಕಾರ್ಪೆಟ್ಟಿನಷ್ಟು ಸತಾಯಿಸುವುದಿಲ್ಲ, ಒಂದೇ ಸಲ ಒರಸಿದರೆ ಬಿಡುತ್ತದೆ. ಹನ್ನೆರಡು ಮುಚ್ಚಳಗಳೂ ಲಕಲಕ ಹೊಳೆದವು. ತಿರುಪನ್ನೂ ಬಿಡಲಿಲ್ಲ. ಅವಳ ಗುರುತು ಒಂದೂ ಉಳಿಯಬಾರದು.

ಬಾಗಿಲ ಸದ್ದಾಯಿತು. ಮಾಧವ ಬಂದ.

ಅವಳು ಸೊಂಟಕ್ಕೆ ಕೈಯಿಟ್ಟು, ಕಿಟಕಿಯ ಬಿಸಿಲಿನಲ್ಲಿ ನೆಟ್ಟಗೆ ನಿಂತಿದ್ದಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು: ನಾನು ಅಕ್ಕನ ಮನೆಗೆ ಹೋಗ್ತೇನೆ, ಇನ್ನು ಬರುವುದಿಲ್ಲ. ಅವನು ಎರಡು ಮಾರು ದೂರದಲ್ಲಿ ಅವಳನ್ನು ದಾಟಿಕೊಂಡು ಹೋದ. ಕಾಲು ಬ್ಯಾಗಿಗೆ ತಾಗಿತು, ಬಗ್ಗಿ ನೋಡಲೂ ಇಲ್ಲ. ಎಷ್ಟು ಸೊಕ್ಕು! ಹೆಂಡತಿಯೆಂದರೆ ಗೋಡೆಗೂ ಕಡೆಯೇ?

ಮೊದಲ ಡಬ್ಬಿಯ ಮುಚ್ಚಳದ ಅಂಚಿಗೆ ಹೆಬ್ಬೆರಳು ಒತ್ತಿ ಸವರಿದ. ಎರಡನೆಯದನ್ನು ಸವರಿದ, ಮೂರನೆಯದನ್ನೂ. ತಿರುಗಿ ಮೊದಲನೆಯದಕ್ಕೆ ಬಂದ. ಮತ್ತೆ ಹನ್ನೆರಡನ್ನೂ ಒಂದೊಂದಾಗಿ ಸವರಿದ. ಜಯಂತಿಯ ಉಸಿರಿನ ಸದ್ದಿಗೆ ಅವನು ಮುಖ ತಿರುಗಿಸಿದ. ಅವಳ ಕಡೆಗಲ್ಲ, ಅವಳ ಪಕ್ಕದ ಗೋಡೆಯ ಕಡೆಗೆ.

"ಯಾರದು, ಕೇಶವನಾ? ಇದ್ರಲ್ಲಿ ಉಪ್ಪಿನ ಡಬ್ಬಿ ಯಾವ್ದು, ಸ್ವಲ್ಪ ನೋಡಿ ಹೇಳು ಮಾರಾಯಾ… ಜಯಂತಿಗೆ ಮಾತ್ರ ಹೇಳ್ಬೇಡ."