ಉರುಳಿಗೊಂದು ವೈರು

"ಇದ್ರ ಕ್ಲಚ್ ವೈರು ಬಿಚ್ಕೊಡಿ ನಯಾಜಣ್ಣ" ಎಂದು ವನಜಾ ಮೂಲೆಯಲ್ಲಿ ನಿಂತಿದ್ದ ತನ್ನ ಗಂಡನ ಬೈಕು ತೋರಿಸಿದಾಗ, ನಯಾಜ್ ಪಾಷಾ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. ಐದು ತಿಂಗಳಿಂದ ಆ ಬೈಕು ಮಳವಳ್ಳಿಯ ಅವನ ಗ್ಯಾರೇಜಿನಲ್ಲೇ ಇತ್ತು. ಸಿದ್ದರಾಮು ಅದನ್ನು ಸರ್ವೀಸಿಗೆ ಬಿಟ್ಟು ಹೋದ ಮಾರನೆಯ ಬೆಳಿಗ್ಗೆ, ಕಬ್ಬಿಗೆ ನೀರು ಕಟ್ಟುತ್ತಿದ್ದವನ ಮೇಲೆ ಕಾಡುಹಂದಿ ನುಗ್ಗಿ, ತೊಡೆ ಸೀಳಿ, ಬದುವಿನಿಂದ ಕೆಳಕ್ಕೆ ಕೆಡವಿ ಸೊಂಟ ಮುರಿದಿತ್ತು. ಅಂದಿನಿಂದ ಅವನು ಬೆಳಕವಾಡಿಯ ಮನೆಯಲ್ಲಿ ಮಂಚ ಹಿಡಿದಿದ್ದ.

"ವೈರು ಯಾಕಮ್ಮ?"

"ಉರುಳು ಕಟ್ಟಕ್ಕೆ. ಅದೇ ಹಂದಿ ಈಗ್ಲೂ ಗದ್ದೆಗೆ ಬತ್ತಾ ಐತೆ. ನೀರು ಕಟ್ಟಕ್ಕೆ ಈಗ ನಾನೇ ಓಗ್ಬೇಕು."

"ಫಾರೆಸ್ಟ್‌ನೋರು ಕಂಡ್ರೆ ಒಳಗಾಕ್ತಾರೆ."

"ಆಕ್ಲಿ ಬುಡಿ. ಅಲ್ಲಾದ್ರೂ ನೆಮ್ಮದಿಯಾಗಿ ನಿದ್ದೆ ಬತ್ತದೆ."

ನಯಾಜ್ ನಗಲಿಲ್ಲ. ಬೈಕಿನ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. "ಪ್ರತಿ ಶುಕ್ರವಾರ ನಮಾಜಿಂದ ಬಂದು ಇದನ್ನ ಸ್ಟಾರ್ಟ್ ಮಾಡಿ ಇಡ್ತೀನಿ, ಸಿದ್ದರಾಮು ಬತ್ತಾನೆ ಅಂತ. ನಾಳೆ ಅವನೇ ಬಂದು ಕ್ಲಚ್ ಹಿಡಿದ್ರೆ ನಾನೇನು ಯೋಳ್ಲಿ?" ವನಜಾ ಗುಜರಿ ಡಬ್ಬದಲ್ಲಿದ್ದ ಯಾವುದೋ ಹಳೆಯ ವೈರನ್ನು ಸುತ್ತಿಕೊಂಡು ಬಸ್ಸು ಹತ್ತಿದಳು.

ಊರಿನಲ್ಲಿ ಹಂದಿ ಹಿಡಿಯಬಲ್ಲವರು ಇಬ್ಬರು, ಪಾಲು ಕೇಳುವವರು ಇನ್ನೂರು. ಆ ಇಬ್ಬರೂ ಕೇಸಿಗೆ ಹೆದರಿ ಕೈ ಎತ್ತಿದ್ದರು. ಹಾಗಾಗಿ ಸಿದ್ದರಾಮು ಅಜ್ಜನಿಂದ ಕಲಿತಿದ್ದ ವಿದ್ಯೆಯನ್ನು ಮಲಗಿದಲ್ಲಿಂದಲೇ ಹೆಂಡತಿಗೆ ಹೇಳಿಕೊಡುತ್ತಿದ್ದ. ಹಂದಿ ನುಗ್ಗುವ ದಾರಿ ಯಾವುದು, ಗೂಟ ಎಷ್ಟು ಆಳ, ಉರುಳು ನೆಲದಿಂದ ಎಷ್ಟು ಎತ್ತರ, ಎಲ್ಲ. ಇಲಿ ಬೋನಿಗೆ ಬಿದ್ದರೂ ತೆಗೆಯಲು ಗಂಡನನ್ನೇ ಕರೆಯುತ್ತಿದ್ದ ಹೆಂಗಸು, ಹೂಂ ಹೂಂ ಎನ್ನುತ್ತ ಕೇಳುತ್ತಿದ್ದಳು.

ಸಿದ್ದರಾಮು ಅವಳು ತಂದ ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡಿದ. "ಇದು ನನ್ ಗಾಡಿದಲ್ಲ."

"ಅದೇಯ."

"ಸುಳ್ ಯೋಳ್ಬ್ಯಾಡ. ಸರ್ವೀಸ್‌ಗೆ ಬುಟ್ಟಾಗ ಹೊಸದಾಕು ಅಂತ ನಾನೇ ಯೋಳಿದ್ದೆ. ಇದು ತುಕ್ಕು ತಿಂದೈತೆ. ಹಂದಿ ಎಳುದ್ರೆ ಕಿತ್ತೋಯ್ತದೆ. ಆಗ ಎದ್ರುಗೆ ಇರೋಳು ನೀನು ಕಣಮ್ಮಿ, ನಾನಲ್ಲ."

"ಅಂಗಡೀಲಿ ಬ್ಯಾರೆ ತತ್ತೀನಿ ಬುಡಿ. ನೀವು ಗಾಡಿ ಓಡುಸ್ಬೇಕಾದಾಗ ವೈರು ಬ್ಯಾಡ್ವಾ?"

"ಯಾವತ್ತು?"

ವನಜಾ ಅವನ ಕೈಯಿಂದ ವೈರು ತೆಗೆದುಕೊಂಡು ಸುತ್ತತೊಡಗಿದಳು. ಯುಗಾದಿ ಹೊತ್ತಿಗೆ ಎದ್ದು ಓಡಾಡ್ತೀರಂತೆ, ಡಾಕ್ಟ್ರೇ ಅಂದ್ರು ಎಂದು ಐದು ತಿಂಗಳಿಂದ ಅವನಿಗೆ ಹೇಳಿಕೊಂಡು ಬಂದಿದ್ದಳು. ಡಾಕ್ಟರು ನಿಜವಾಗಿ ಹೇಳಿದ್ದನ್ನು ಹೆತ್ತ ತಾಯಿಗೂ ಹೇಳಿರಲಿಲ್ಲ.

"ಡಾಕ್ಟ್ರು ವರಾಂಡದಲ್ಲಿ ನಿನ್ ಜೊತೆ ಮಾತಾಡ್ದಾಗ ಕಿಟಕಿ ತಗ್ದಿತ್ತು" ಎಂದ ಸಿದ್ದರಾಮು. "ಓಗು. ನಂದೇ ಬಿಚ್ಚುಸ್ಕೊಂಡ್ ಬಾ."

ಎರಡನೆಯ ಸಲ ನಯಾಜ್ ಏನನ್ನೂ ಕೇಳಲಿಲ್ಲ. ವೈರು ಬಿಚ್ಚಿ ಕೊಟ್ಟ. ಆ ಶುಕ್ರವಾರ ಬೈಕು ಸ್ಟಾರ್ಟ್ ಮಾಡಲೂ ಇಲ್ಲ.

ಮಂಚಕ್ಕೆ ಒರಗಿಕೊಂಡು ಸಿದ್ದರಾಮು ಇಡೀ ಬೆಳಿಗ್ಗೆ ಉರುಳು ಹೆಣೆದ. ಗಂಟು ಸರಿಯಾಗಿ ಜಾರುವವರೆಗೂ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಐದು ತಿಂಗಳಲ್ಲಿ ಅವನು ಮಾಡಿದ ಮೊದಲ ಕೆಲಸ ಅದು. ಆಮೇಲೆ ವನಜಾ ಅದನ್ನು ಸಗಣಿ ನೀರಲ್ಲಿ ಕುದಿಸಿ, ಹೊಂಗೆ ಸೊಪ್ಪಿನಿಂದ ತಿಕ್ಕಿ, ಬಿಸಿಲಿಗೆ ಒಣಗಿಸಿ ತಂದು ಅವನ ಮೂಗಿಗೆ ಹಿಡಿದಳು.

ಅವನು ಕಣ್ಣು ಮುಚ್ಚಿ ಮೂಸಿದ. "ನನ್ ಬೆವ್ರಿನ ವಾಸ್ನೆ ಇನ್ನೂ ಐತೆ. ಇನ್ನೊಂದ್ಸತಿ ತಿಕ್ಕು."

"ಇದ್ರೆ ಏನಾಯ್ತದೆ?"

"ಮನುಸ್ರ ವಾಸ್ನೆ ಒಡುದ್ರೆ ಹಂದಿ ಆ ಕಡೀಕೇ ತಲೆ ಆಕಾಕಿಲ್ಲ. ನಿನ್ ಅತ್ರುಕ್ಕೂ ಸುಳಿಯಾಕಿಲ್ಲ."

"ಸುಳೀದೇ ಇದ್ರೆ ಒಳ್ಳೇದೇ ಅಲ್ವಾ?"

"ಹಿಡಿಯಕ್ಕೆ ಓಯ್ತಾ ಇದ್ದೀಯೋ, ಓಡ್ಸಕ್ಕೆ ಓಯ್ತಾ ಇದ್ದೀಯೋ? ನಾಳೆ ಬೆಳಿಗ್ಗೆ ಕಟ್ಬೇಕು. ಓಗು, ಚೆನ್ನಾಗಿ ತಿಕ್ಕು."

ವನಜಾ ಹಿತ್ತಿಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತಳು. ವೈರನ್ನು ತನ್ನ ಮೂಗಿಗೂ ಹಿಡಿದು ನೋಡಿದಳು. ಆಮೇಲೆ ಒಳಗಿದ್ದವನಿಗೆ ಕೇಳಿಸಲಿ ಎಂದು, ಒಂದು ಹಿಡಿ ಸೊಪ್ಪು ತೆಗೆದುಕೊಂಡು ಬರೀ ಕಲ್ಲನ್ನೇ ಬಹಳ ಹೊತ್ತು ತಿಕ್ಕಿದಳು. ವೈರು ಅವಳ ಮಡಿಲಲ್ಲಿ ಒಣಗಿಯೇ ಇತ್ತು.