ಗೊರಗೊರಪ್ಪನಿಗೆ ಒಂದು ಮಾತು

“ಅವನನ್ನ ಸುಟ್ಟುಹಾಕಬೇಕು. ಈ ಸಲ ಪೂರ್ತಿಯಾಗಿ. ಮತ್ತೆ ಎದ್ದು ಬರಬಾರದು,” ಎಂದಳು ಔಷಧಿ ಅಂಗಡಿಯಾಕೆ.

ಕೆಳಗೆ ಪತ್ರಿಕೆ ಓದಲು ಬಂದಿದ್ದ ಯಾರೋ ಮೆಟ್ಟಿಲ ಮೇಲೆ ಸ್ತಬ್ಧರಾಗಿ ನಿಂತರು. ಗ್ರಂಥಪಾಲಕಿ ಮಹಡಿಯ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಇದು ಟಿ.ವಿ.ಯ ಜೋಂಬಿ ಧಾರಾವಾಹಿಯ ವಿಷಯ, ಗಾಬರಿಯಾಗಬೇಡಿ ಎಂದು ಪ್ರತಿ ಭಾನುವಾರ ಯಾರಿಗಾದರೂ ಬಿಡಿಸಿ ಹೇಳಿ ಆಕೆಗೆ ಸಾಕಾಗಿಹೋಗಿತ್ತು.

‘ಸತ್ತವರ ಸರದಿ’ಯ ಅಭಿಮಾನಿಗಳ ಕೂಟ ಅದು. ಎಂದಿನಂತೆ ಬರೀ ಹರಟೆಯಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಗೊರಗೊರಪ್ಪ ಮುಂದೆಯೂ ಇರಬೇಕೋ, ಕಥೆಯಿಂದಲೇ ಹೋಗಬೇಕೋ ಎಂದು ವಾಹಿನಿಯವರು ಊರೂರಿನ ಕೂಟಗಳ ಅಭಿಪ್ರಾಯ ಕೇಳಿದ್ದರು. ಸಂಜೆಯೊಳಗೆ ತಿಳಿಸಬೇಕಿತ್ತು.

ಗೊರಗೊರಪ್ಪ ಎನ್ನುವುದು ನೋಡುಗರೇ ಇಟ್ಟ ಹೆಸರು. ಜೋಂಬಿಗಳ ಹಿಂಡಿನಲ್ಲಿ ಅವನು ಕಟ್ಟಕಡೆಯವನು. ನಾಯಕ ಕೊಡಲಿ ಬೀಸಿದಾಗಲೆಲ್ಲ ಉರುಳುತ್ತಿದ್ದ, ಮರುವಾರ ಅದೇ ಹರಕು ಕೋಟಿನಲ್ಲಿ ಎದ್ದು ಬರುತ್ತಿದ್ದ. ಮುಖದ ತುಂಬ ಜೋತುಬಿದ್ದ, ಹಸಿರುಗಟ್ಟಿದ ಕೊಳೆತ ಚರ್ಮ. ಬಾಯಿ ತೆರೆದರೆ ಗೊರಗೊರ, ಅಷ್ಟೇ.

“ಅವನನ್ನ ಯಾಕೆ ಸಾಯಿಸ್ತೀರಿ?” ಕಿಟಕಿಯ ಪಕ್ಕದಿಂದ ಧ್ವನಿ ಬಂತು. ಎಲ್ಲರೂ ತಿರುಗಿ ನೋಡಿದರು. ಮಾತಾಡಿದವನು ಮೌನಿ. ಆತ ತುಟಿ ಬಿಚ್ಚುವುದೇ ಅಪರೂಪವೆಂದು ಕೂಟದವರು ಆ ಹೆಸರು ಕೊಟ್ಟಿದ್ದರು. “ಇಷ್ಟು ವರ್ಷದಲ್ಲಿ ಅವನು ಒಬ್ಬರನ್ನಾದರೂ ಕಚ್ಚಿದಾನಾ?”

“ಕಚ್ಚೋಕೆ ಬಿಟ್ಟಿದಾರಾ?” ಔಷಧಿ ಅಂಗಡಿಯಾಕೆ ಕೋಣೆಯ ಈ ತುದಿಯಿಂದ ಬಾಣ ಬಿಟ್ಟಳು. “ಹಿಂದೆ ನಿಂತು ಗೊರಗೊರ ಅನ್ನೋದೂ ಒಂದು ಪಾತ್ರಾನಾ?”

ಮೌನಿಯ ಮುಖ ಕೆಂಪಾಯಿತು. “ಗೊರಗೊರ ಅನ್ನೋದ್ರಲ್ಲೂ ಭಾವ ಇರುತ್ತೆ. ಹಸಿವಾದಾಗ ಒಂಥರ, ನೋವಾದಾಗ ಒಂಥರ. ಕಿವಿಗೊಟ್ಟು ಕೇಳಬೇಕು.”

“ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.”

ಕೋಣೆ ಗೊಳ್ಳೆಂದಿತು. ಅವರಿಬ್ಬರು ಮಾತ್ರ ನಗಲಿಲ್ಲ.

ದಂತವೈದ್ಯ ನಡುವೆ ಬಾಯಿ ಹಾಕಿದ. ದಿನವೆಲ್ಲ ಜನರ ನೋವು ಕಡಿಮೆ ಮಾಡುವ ಈತನಿಗೆ ಭಾನುವಾರ ಮಾತ್ರ ರಕ್ತ ಎಷ್ಟು ಹರಿದರೂ ಸಾಲದು. “ಇರಲಿ, ಸಾಯಲಿ, ನನಗೇನೂ ಇಲ್ಲ. ಈಚೆಗೆ ಹೊಡೆದಾಟ ತೀರಾ ಸಪ್ಪೆಯಾಗಿದೆ ಅನ್ನೋದನ್ನೂ ಬರೀರಿ. ಸ್ಮಶಾನದಿಂದ ಎದ್ದು ಬಂದವರಿಗೆ ಅಷ್ಟು ಬಿಳಿ ಹಲ್ಲು ಯಾಕೆ ಅಂತಲೂ ಕೇಳಿ.”

ಅವನ ಮಾತು ಯಾರಿಗೂ ಬೇಕಿರಲಿಲ್ಲ. ಕೈ ಎತ್ತಿಸಿದಾಗ ಎರಡೂ ಕಡೆ ಸಮಸಮವಾಯಿತು. ದಂತವೈದ್ಯ ಯಾವುದಕ್ಕೂ ಕೈ ಎತ್ತಲಿಲ್ಲ. ತೀರ್ಮಾನ ಗ್ರಂಥಪಾಲಕಿಯ ತಲೆಗೆ ಬಿತ್ತು.

“ಇಬ್ಬರೂ ಕೊನೆಯದಾಗಿ ಒಂದೊಂದು ಮಾತು ಹೇಳಿ,” ಎಂದಳು ಆಕೆ.

ಔಷಧಿ ಅಂಗಡಿಯಾಕೆ ಎದ್ದು ನಿಂತಳು. ಈ ಸಲ ದನಿ ತಗ್ಗಿತ್ತು. “ವಾರವಾರ ಏಟು ತಿಂತಾನೆ, ವಾರವಾರ ಬೀಳ್ತಾನೆ, ಮತ್ತೆ ಎದ್ದು ಬರ್ತಾನೆ. ನೋಡೋರ ಹೊಟ್ಟೆ ಉರಿಯಲ್ವಾ? ಒಂದು ಸಲ ನೆಮ್ಮದಿಯಾಗಿ ಕಣ್ಣು ಮುಚ್ಚಲಿ ಪಾಪ. ನಾನು ಕೇಳ್ತಿರೋದು ಅಷ್ಟೇ.”

ಮೌನಿ ಕುಳಿತಲ್ಲಿಂದಲೇ ಹೇಳಿದ. “ಹೋಗಲಿ. ಆದರೆ ಅವನು ಹೋದ ಅಂತ ಯಾರಿಗೆ ಗೊತ್ತಾಗುತ್ತೆ? ಒಂದು ಹೆಸರಿಲ್ಲ, ಒಂದು ಮಾತಿಲ್ಲ. ಯಾರೂ ನೋಡದೆ ಇರೋ ಹಾಗೆ ಇದ್ದು, ಯಾರೂ ನೋಡದೆ ಇರೋ ಹಾಗೆ ಹೋಗಬೇಕಾ?”

ದಂತವೈದ್ಯ ಗ್ರಂಥಪಾಲಕಿಯತ್ತ ಬಾಗಿ ಪಿಸುಗುಟ್ಟಿದ: “ಇವರಿಬ್ಬರನ್ನ ಒಂದೇ ಮನೇಲಿ ಕೂಡಿಹಾಕಿದರೆ, ಬೆಳಗಾಗೋದ್ರೊಳಗೆ ಒಬ್ಬರೇ ಉಳೀತಾರೆ.”

ಗ್ರಂಥಪಾಲಕಿಗೆ ಅವನ ಮಾತು ಕೇಳಿಸಲೇ ಇಲ್ಲ. ಆ ಹರಕು ಕೋಟಿನವನನ್ನು ಆಕೆ ಇದುವರೆಗೆ ಸರಿಯಾಗಿ ನೋಡಿರಲಿಲ್ಲ. ಅವನು ತೆರೆಯ ಮೇಲೆ ಬರುವ ಹೊತ್ತಿಗೆ ಚಹಾ ಮಾಡಲು ಎದ್ದು ಹೋಗುತ್ತಿದ್ದಳು. ಈಗ ಅದನ್ನು ನೆನೆದು ಯಾಕೋ ಪಿಚ್ಚೆನಿಸಿತು.

“ಸಾಯಲಿ,” ಎಂದಳು ಕೊನೆಗೆ. “ಆದರೆ ಹಿಂದಿನ ಸಾಲಿನಲ್ಲಲ್ಲ, ಕ್ಯಾಮೆರಾದ ಎದುರಿಗೆ. ಸಾಯೋ ಮೊದಲು ಒಂದೇ ಒಂದು ಮಾತಾಡಲಿ. ಹಾಗಂತ ಬರೀತೀನಿ.”

“ಜೋಂಬಿ ಮಾತಾಡೋದುಂಟಾ?” ದಂತವೈದ್ಯ ತಕರಾರು ತೆಗೆದ. “ಕಥೆಯ ತರ್ಕವೇ ಬಿದ್ದುಹೋಗುತ್ತೆ.”

“ಸತ್ತವರು ನಡೆದಾಡೋದನ್ನ ಒಪ್ಪಿಕೊಂಡಿದೀರಲ್ಲ, ಡಾಕ್ಟ್ರೇ. ಇದೊಂದನ್ನೂ ಒಪ್ಪಿಕೊಳ್ಳಿ.”

ಚಪ್ಪಾಳೆ ಬಿತ್ತು. ಗೊರಗೊರಪ್ಪ ಯಾವ ಮಾತು ಆಡಬೇಕು ಎಂದು ಆಗಲೇ ಕೋಣೆಯ ತುಂಬ ಗಲಾಟೆ ಶುರುವಾಯಿತು. ಮೌನಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ. ಯಾರಿಗೂ ಹೇಳದೆ ಎದ್ದು ಹೊರಟ. ಮರುಕ್ಷಣವೇ ಔಷಧಿ ಅಂಗಡಿಯಾಕೆ ಚೀಲ ಹೆಗಲಿಗೇರಿಸಿ ಅವನ ಹಿಂದೆಯೇ ದಡದಡ ಮೆಟ್ಟಿಲಿಳಿದಳು.

ಬೀದಿಯಲ್ಲಿ ಜಗಳವಾದರೆ ನಾಳೆಯಿಂದ ಕೂಟಕ್ಕೆ ಈ ಕೋಣೆ ಸಿಗುವುದಿಲ್ಲ. ಸಮಾಧಾನ ಮಾಡೋಣವೆಂದು ಗ್ರಂಥಪಾಲಕಿಯೂ ಕೆಳಗೆ ಓಡಿದಳು.

ಹೊರಗೆ, ಗೋಡೆಯ ಪಕ್ಕ ನಿಲ್ಲಿಸಿದ್ದ ಸ್ಕೂಟರಿನ ಬಳಿ ಇಬ್ಬರೂ ಎದುರುಬದುರು ನಿಂತಿದ್ದರು. ಔಷಧಿ ಅಂಗಡಿಯಾಕೆ ಸರಕ್ಕನೆ ಕೈ ಎತ್ತಿದಳು. ಗ್ರಂಥಪಾಲಕಿ “ಅಯ್ಯೋ, ಬೇಡಿ” ಎನ್ನಬೇಕು, ಅಷ್ಟರಲ್ಲಿ ಆ ಕೈ ಮೌನಿಯ ಕಿವಿಯ ಹಿಂದೆ ಸೀರೆಯ ಸೆರಗಿನಿಂದ ಉಜ್ಜತೊಡಗಿತು.

“ರೀ, ಈ ಹಸಿರು ಬಣ್ಣ ನೀರಿಗೆ ಹೋಗಲ್ಲ, ಮನೆಗೆ ನಡೀರಿ, ಎಣ್ಣೆ ಹಚ್ಚಿ ತೆಗೀತೀನಿ. ಡೈಲಾಗ್ ಸಿಗೋ ದಿನವಾದರೂ ಮೇಕಪ್‌ನವರ ಹತ್ರ ಮುಖ ತೊಳ್ಕೊಂಡು ಬನ್ನಿ.”