ಭಾವ ಚಾಚಿದ ಕೈ

ಚೆಸ್ ಬೋರ್ಡಿನ ಮೇಲಿಂದ ಭಾವ ತನ್ನತ್ತ ಕೈ ಚಾಚಿದ್ದೇ ತಡ, ದರ್ಜಿ ಅದನ್ನು ಗಬಕ್ಕನೆ ಹಿಡಿದುಕೊಂಡ. "ಡ್ರಾ ತಾನೇ ಭಾವ? ಆಯ್ತು, ಒಪ್ಪಿದೆ!" ಅಕ್ಕನ ಮದುವೆಯಾದಾಗಿನಿಂದ ಈ ಮನುಷ್ಯನೆದುರು ಮಣ್ಣು ಮುಕ್ಕುತ್ತಲೇ ಬಂದವನಿಗೆ, ಟೂರ್ನಮೆಂಟಿನಲ್ಲಿ, ಅದೂ ಅಕ್ಕನ ಕಣ್ಣೆದುರು, ಅರ್ಧ ಪಾಯಿಂಟೂ ಸ್ವರ್ಗವೇ. ತೀರ್ಪುಗಾರ ಬಂದು ಪಂದ್ಯ ಡ್ರಾ ಎಂದು ಬರೆದುಕೊಂಡು ಹೋದ.

ಅವನು ಅತ್ತ ಹೋದ ಮೇಲೆ ಭಾವ ತಣ್ಣಗೆ ನಕ್ಕರು. "ನಾನು ಸೋತೆ ಅಂತ ಕೈ ಚಾಚಿದ್ದು ಕಣೋ. ಮುಂದಿನ ನಡೆಗೆ ನಿನ್ನ ಕುದುರೆ ಬಂದಿದ್ರೆ ನನ್ನ ರಾಜ ಮಟಾಷ್. ನೀನೇ ಡ್ರಾ ಅಂದೆ, ನಾನ್ಯಾಕೆ ಬೇಡ ಅನ್ಲಿ?"

ದರ್ಜಿ ಬೋರ್ಡು ನೋಡಿದ. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವ ಕಣ್ಣಿಗೆ ಇಷ್ಟು ದೊಡ್ಡ ಕುದುರೆ ಕಂಡಿರಲಿಲ್ಲ.

"ಈಗಲಾದ್ರೂ ಕೈ ಬಿಡೋ," ಅಂದರು ಭಾವ, "ನೋಯ್ತಿದೆ."